ದೀರ್ಘ ಪ್ರಯಾಣ ಮತ್ತು ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ

ಪ್ರಶ್ನೆ: ನನಗೆ 61 ವರ್ಷ. ಎರಡು ತಿಂಗಳ ಹಿಂದೆ ಮಂಡಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆಗಿದೆ. ಮಗಳ ಬಾಣಂತನಕ್ಕೆಂದು ಇನ್ನು 15 ದಿನಗಳಲ್ಲಿ ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಡಬೇಕಾಗಿದೆ. ಅಷ್ಟು ಹೊತ್ತು ಕುಳಿತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆಯೇ? ನೆರೆಮನೆಯವರು ಆಸ್ಪಿರಿನ್ ಮಾತ್ರೆ ನುಂಗಿ ಹೊರಡಿ ಎನ್ನುತ್ತಾರೆ.

ಉತ್ತರ: ಕಾಲಿನ ರಕ್ತ ಹೃದಯದತ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಗೊಳ್ಳುತ್ತಾ ಆಳದ ಅಭಿಧಮನಿಗಳನ್ನು ಹಿಂಡುತ್ತಿರಬೇಕು, ಗಂಟೆಗಟ್ಟಲೆ ಅಲುಗಾಡದೆ ಕುಳಿತಾಗ ಈ ಕೆಲಸ ಕುಂಠಿತವಾಗಿ, ರಕ್ತ ಅಲ್ಲಿಯೇ ಮಡುಗಟ್ಟಿ ಹೆಪ್ಪಾಗುವ ಸಂಭವವಿದೆ. ಇದಕ್ಕೆ ವಿಮಾನವೇ ಆಗಬೇಕೆಂದಿಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬ್ ದಾಳಿ ನಡೆಯುತ್ತಿದ್ದಾಗ, ಆಶ್ರಯತಾಣಗಳಲ್ಲಿ ಇಡೀ ರಾತ್ರಿಯನ್ನು ಕುರ್ಚಿಯಲ್ಲಿ ಕುಳಿತೇ ಕಳೆದವರಲ್ಲಿ ಕೆಲವರು ಶ್ವಾಸಕೋಶಕ್ಕೆ ಹೆಪ್ಪು ಸರಿದು ಸಾಯುತ್ತಿದ್ದುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗುರುತಿಸಿದ್ದರು. ರಾತ್ರಿ ಬಸ್ಸಿನ ಪ್ರಯಾಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣ ಈ ಅಪಾಯವನ್ನು ಸುಮಾರು ಇಮ್ಮಡಿಗೊಳಿಸುತ್ತದೆಯಾದರೂ, ಆರೋಗ್ಯವಂತರಲ್ಲಿ ಅದು 6,000 ಜನರಲ್ಲಿ ಒಬ್ಬರಿಗೆ ಬರುವಷ್ಟೇ. ನಿಮ್ಮ ಸ್ಥಿತಿ ಬೇರೆ. ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಮೂರು ತಿಂಗಳವರೆಗೆ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಾಗಿಯೇ ಇರುವುದರಿಂದ, ಪ್ರಯಾಣವನ್ನು ಮುಂದೂಡಬೇಕೇ, ಹೆಪ್ಪುರೋಧಕ ಔಷಧ ಅಥವಾ ಕಾಲನ್ನು ಬಿಗಿಹಿಡಿಯುವ ಕಾಲುಚೀಲ ಬೇಕೇ ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಿ ನಿರ್ಧರಿಸಿ. ಆಸ್ಪಿರಿನ್ ಅನ್ನು ನೀವಾಗಿಯೇ ನುಂಗಬೇಡಿ; ಪ್ರಯಾಣದ ಕಾರಣಕ್ಕಾಗಿ ಅದನ್ನು ಸಲಹೆ ಮಾಡುವುದಿಲ್ಲ, ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಭಯವೂ ಇದೆ.

ಓಡಾಡುವ ದಾರಿಯ ಬದಿಯ ಆಸನವನ್ನೇ ಕೇಳಿ ಪಡೆದು, ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕುಳಿತಲ್ಲೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಿ. ನಿದ್ರೆಮಾತ್ರೆ ಬೇಡ.

ತಲುಪಿದ ಮೇಲೂ ಕೆಲವು ವಾರ ಎಚ್ಚರವಿರಲಿ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಮುಟ್ಟಿದಾಗ ಬಿಸಿಯೆನಿಸಿದರೆ, ನಮ್ಮ ಮನೆಗಳ ರೂಢಿಯಂತೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಅದೇ ದಿನ ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಪರೀಕ್ಷೆ) ಮಾಡಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ನಿಮ್ಮ ಮಗಳಿಗೂ ಇದೇ ಅಪಾಯ ಹೆಚ್ಚಿರುತ್ತದೆ. ಬಾಣಂತನವೆಂದು ಅವರನ್ನು ದಿನವಿಡೀ ಮಲಗಿಸಿಡದೆ, ವೈದ್ಯರು ಒಪ್ಪಿದಷ್ಟು ಮನೆಯೊಳಗೆ ನಡೆದಾಡಲು ಬಿಡಿ, ಬೇಕಾದಷ್ಟು ನೀರು ಕುಡಿಯಲು ಕೊಡಿ.