ಮದುವೆಯಲ್ಲಿ ಉಳಿದ ಊಟವನ್ನು ಶೆಡ್‌ಗಳಿಗೆ ಹಂಚಲು ಎಷ್ಟು ದೊಡ್ಡ ಗಾಡಿ ಬೇಕು?

ಬಡಾವಣೆಯವರೂ ಕಲ್ಯಾಣ ಮಂಟಪದವರೂ ಸೇರಿ ಶೆಡ್‌ಗಳಲ್ಲಿ ವಾಸಿಸುವ ಕಟ್ಟಡ ಕಾರ್ಮಿಕರ ಕುಟುಂಬಗಳಿಗೆ ಊಟ ಮುಟ್ಟಿಸಬೇಕೆಂದಿದ್ದೀರಿ. ಗಾಡಿ ದೊಡ್ಡ ಮಾತಲ್ಲ. ನೂರು ಜನಕ್ಕೆ 12–13 ಕಿಲೋ ಅಕ್ಕಿಯ ಅನ್ನ, 20–25 ಲೀಟರ್ ಸಾಂಬಾರು; ಒಂದು ಲಗೇಜ್ ಆಟೋ ಸಾಕು. ಈ ಕೆಲಸ ಕೆಡುವುದು ಅನ್ನದಿಂದ.

12 ಗಂಟೆಗೆ ಇಳಿಸಿದ ಅನ್ನ ಕೊನೇ ಪಂಕ್ತಿ ಏಳುವ ಹೊತ್ತಿಗೆ ಉಗುರುಬೆಚ್ಚಗಾಗಿರುತ್ತದೆ. ಅಪಾಯ ಇರುವುದೇ ಅಲ್ಲಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಕೂತರೆ ಮೊಳೆತು, ಬೆಳೆದು ವಿಷ ಬಿಡುತ್ತವೆ. ಆ ವಿಷ ವಾಸನೆಗೆ ಸಿಗದು, ಮತ್ತೆ ಬಿಸಿ ಮಾಡಿದರೂ ಹೋಗದು. "ಬಿಸಿ ಮಾಡಿ ಕೊಟ್ಟೆವಲ್ಲ" ಅನ್ನುವವರ ಊಟದಿಂದಲೇ ಮಕ್ಕಳಿಗೆ ವಾಂತಿಯಾಗುವುದು ಹೀಗೆ.

ಆದ್ದರಿಂದ ಮಾತಾಡಬೇಕಾದದ್ದು ಮಂಟಪದ ಮ್ಯಾನೇಜರ್ ಹತ್ತಿರ ಅಲ್ಲ, ಅಡುಗೆ ಭಟ್ಟರ ಹತ್ತಿರ. ಕೊನೇ ಪಂಕ್ತಿಗೆ ಎಲೆ ಹಾಕುವಾಗಲೇ ಅವರು ಫೋನ್ ಮಾಡಲಿ. ಬಡಿಸುವ ಬಕೆಟ್ಟಿಗೆ ಹೋಗಿ ಬಂದದ್ದು ಬೇಡ; ಕೊನೆಗೆ ಇಳಿಸಿದ, ಇನ್ನೂ ಹಬೆಯಾಡುತ್ತಿರುವ ಅನ್ನವನ್ನಷ್ಟೇ ತುಂಬಿಕೊಳ್ಳಿ. ಸಾಂಬಾರು ಹೊರಡುವ ಮುಂಚೆ ಕುದಿಯಲಿ. ಕೋಸಂಬರಿ, ಚಟ್ನಿ, ಮೊಸರನ್ನ, ಹಾಲಿನ ಪಾಯಸ ಮುಟ್ಟಲೇಬೇಡಿ. ಲಾಡು, ಚಿರೋಟಿ ಧಾರಾಳವಾಗಿ ಒಯ್ಯಿರಿ. ಶೆಡ್ಡಿನಲ್ಲಿ ಎಲೆ ಹಾಕಿ ಅಲ್ಲೇ ಬಡಿಸಿ. ಕಟ್ಟಿಕೊಟ್ಟರೆ ರಾತ್ರಿಗೆ ಎತ್ತಿಡುತ್ತಾರೆ. ಆರತಕ್ಷತೆಯ ಊಟವಂತೂ ಬೇಡವೇ ಬೇಡ. ರಾತ್ರಿ 11ಕ್ಕೆ ಎಲ್ಲರೂ ಮಲಗಿರುತ್ತಾರೆ, ಬೆಳಿಗ್ಗೆ ಅದನ್ನು ತಿನ್ನುವುದು ಮಕ್ಕಳು.

ಇಷ್ಟು ಮಾಡಿದರೂ ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಮಳೆಗೆ ಕೆಲಸ ನಿಂತು ಕೂಲಿ ತಪ್ಪುವುದೂ ಆಷಾಢದಲ್ಲೇ. ಅದಕ್ಕೇ ನಾನು ಹೇಳುವುದು, ಮದುವೆ ಊಟ ನೆಚ್ಚಬೇಡಿ, ತಿಂಗಳ ದಿನಸಿ ಕೊಡಿ. ಅದರಲ್ಲೂ ಅಕ್ಕಿ ಬೇಡ. ಬಿಪಿಎಲ್ ಕಾರ್ಡಿಗೆ ಆಹಾರ ಭದ್ರತಾ ಕಾಯ್ದೆಯಡಿ ತಲೆಗೆ 5 ಕಿಲೋ ಧಾನ್ಯ ಇದ್ದೇ ಇದೆ. ಕಾರ್ಡು ಯಾದಗಿರಿಯದ್ದಾದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟೊತ್ತಿ ಪಡೆಯಬಹುದು. ಅಂಗಡಿಯವರು ಆಗುವುದಿಲ್ಲವೆಂದರೆ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ ನಿಲ್ಲಿ. ಸಾಲದೆ ಬರುವುದು ಬೇಳೆ, ಎಣ್ಣೆ. ನಾಲ್ವರ ಮನೆಗೆ 3 ಕಿಲೋ ತೊಗರಿಬೇಳೆ, 2 ಲೀಟರ್ ಎಣ್ಣೆ, 1 ಕಿಲೋ ಉಪ್ಪು, ಕಾಲು ಕಿಲೋ ಖಾರದಪುಡಿ. ರಾಯಚೂರು, ಯಾದಗಿರಿ ಕಡೆಯವರಿಗೆ ಜೋಳದ ಹಿಟ್ಟೂ ಬೇಕು. ಹಳೇ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ, ಹಾಗಾಗಿ ಅದೊಂದನ್ನು ಹದಿನೈದು ದಿನಕ್ಕೊಮ್ಮೆ ಬೀಸಿಸಿ ಕೊಡಿ.