ಒಂಬತ್ತನೇ ಪುಟದಲ್ಲಿ ಕತೆ ಇದೆ

ನಮಸ್ಕಾರ. ನಾಜಿ ಕ್ಯಾಂಪಿನಲ್ಲಿ ಸಿಕ್ಕಿಬಿದ್ದ ಯಹೂದಿ ಅಪ್ಪ, ಮಗನ ಬಗ್ಗೆ ನೀವು ಕಳಿಸಿದ ಹನ್ನೆರಡು ಪುಟದ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸುವುದಕ್ಕೆ ಆಗುವುದಿಲ್ಲ. ಆದರೆ ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ, ಅದಕ್ಕೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದು ಹೇಗೆ ಅನ್ನುವುದಕ್ಕೇ ಹೋಗಿದೆ. ಅದು ಪಾಠ, ತೆಗೆಯಿರಿ. ರೈಲು ಇಳಿಯುವಲ್ಲಿಂದ ಶುರು ಮಾಡಿ. 1944ರ ಮೇ ತಿಂಗಳಲ್ಲಿ ಹಂಗೇರಿಯಿಂದ ಪೋಲೆಂಡಿನ ಆಶ್ವಿಟ್ಜ್ ಕ್ಯಾಂಪಿಗೆ ಬಂದ ನಿಮ್ಮ ಹುಡುಗನಿಗೆ 14 ವರ್ಷ, ಅವನು ಸಲೀಸಾಗಿ ಅಪ್ಪನ ಕೈ ಹಿಡಿದು ಒಳಗೆ ಹೋಗುತ್ತಾನೆ. ಅಷ್ಟು ಸುಲಭ ಇರಲಿಲ್ಲ. ಆ ವಯಸ್ಸಿನವರನ್ನು ಕೆಲಸಕ್ಕೆ ಆಗುವುದಿಲ್ಲ ಅಂತ ಸಾಮಾನ್ಯವಾಗಿ ನೇರ ಗ್ಯಾಸ್ ಚೇಂಬರಿಗೇ, ಅಂದರೆ ವಿಷಾನಿಲ ಬಿಟ್ಟು ಕೊಲ್ಲುವ ಕೋಣೆಗೇ, ಕಳಿಸುತ್ತಿದ್ದರು. ಉಳಿದುಕೊಂಡ ಎಷ್ಟೋ ಹುಡುಗರು ವಯಸ್ಸು ಜಾಸ್ತಿ ಹೇಳಿ ಉಳಿದವರು. ಸಾಮಾನು ಇಳಿಸಲು ಬಂದ ಹಳೆಯ ಕೈದಿ ಯಾರಾದರೂ ಕಿವಿಯಲ್ಲಿ ಹೇಳಿ ಹೋಗಿರುತ್ತಿದ್ದ.

ಆಮೇಲೆ ಅಪ್ಪನ ಭಾಷಣ. ದಿನವಿಡೀ ಕಲ್ಲು ಹೊತ್ತು ಬಂದವನು ರಾತ್ರಿ ಒಂದೂವರೆ ಪುಟ ಭರವಸೆ ಬಗ್ಗೆ ಮಾತಾಡುತ್ತಾನಾ? ವಿಯೆನ್ನಾದ ಗುಸ್ಟಾವ್ ಕ್ಲೈನ್‌ಮನ್ ಮತ್ತು ಮಗ ಫ್ರಿಟ್ಜ್ ವಿಷಯ ನೋಡಿ. 1939ರಲ್ಲಿ ಇಬ್ಬರನ್ನೂ ಜರ್ಮನಿಯ ಬೂಕನ್‌ವಾಲ್ಡ್ ಕ್ಯಾಂಪಿಗೆ ಹಾಕಿದರು. 1942ರಲ್ಲಿ ಅಪ್ಪನ ಹೆಸರು ಆಶ್ವಿಟ್ಜ್‌ಗೆ ಹೋಗುವವರ ಪಟ್ಟಿಗೆ ಬಂತು. ಅಲ್ಲಿಗೆ ಹೋದರೆ ಸಾವೇ ಅಂತ ಗೊತ್ತಿದ್ದೂ, ಜೊತೆಗಾರರು ಬೇಡ ಅಂದರೂ, ಮಗ ನನ್ನ ಹೆಸರನ್ನೂ ಸೇರಿಸಿ ಅಂತ ಕೇಳಿಕೊಂಡು ಹೋದ. (ಇಬ್ಬರೂ ಬದುಕಿ ಉಳಿದರು. ಗುಸ್ಟಾವ್ ಕದ್ದುಮುಚ್ಚಿ ಡೈರಿಯನ್ನೂ ಬರೆದಿಟ್ಟಿದ್ದರು.) ಆ ಹುಡುಗ ಅಪ್ಪನ ಮುಂದೆ ಏನು ಡೈಲಾಗ್ ಹೊಡೆದ ಅಂತ ನಾವು ಕೇಳುವುದೇ ಇಲ್ಲ, ಅಲ್ವಾ?

ಕೊನೆಯನ್ನೂ ಬದಲಾಯಿಸಬೇಕು. 1945ರ ಜನವರಿ 27ರಂದು ರಷ್ಯಾದ ಸೈನಿಕರು ಬಂದಾಗ ನಿಮ್ಮ ಅಪ್ಪ, ಮಗ ಗಟ್ಟಿಮುಟ್ಟಾಗಿ ಗೇಟಿನ ಹತ್ತಿರ ನಿಂತಿದ್ದಾರೆ. ನಡೆಯಲು ಆಗುವವರನ್ನೆಲ್ಲ ನಾಜಿಗಳು ಅದಕ್ಕೆ ಹತ್ತು ದಿನ ಮೊದಲೇ ಹಿಮದಲ್ಲಿ ಓಡಿಸಿಕೊಂಡು ಹೋಗಿದ್ದರು. ಹಿಂದೆ ಉಳಿದವರು ಸುಮಾರು 7,000 ಜನ, ಹೆಚ್ಚಿನವರು ಕಾಯಿಲೆಯವರು. ಹಾಗಾದರೆ ಇವರಿಬ್ಬರಲ್ಲಿ ಯಾರಿಗೆ ಕಾಯಿಲೆ? ಇನ್ನೊಬ್ಬ ಹೇಗೆ ಉಳಿದ?

ಈಗ ಒಂಬತ್ತನೇ ಪುಟ. ‘ಅಪ್ಪ ನಿದ್ದೆ ಹೋದ ಮೇಲೆ ಮಗ ದಿಂಬಿನ ಕೆಳಗೆ ಕೈ ಹಾಕಿ ರೊಟ್ಟಿ ಇದೆಯಾ ಅಂತ ತಡಕಿದ.’ ದಿಂಬು ಎಲ್ಲಿಂದ ಬರಬೇಕು? ಶೂ ಕಳುವಾಗುತ್ತೆ ಅಂತ ಅದನ್ನೇ ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದರು. ರೊಟ್ಟಿ ಅಂದರೆ ನಮ್ಮವರಿಗೆ ಜೋಳದ ರೊಟ್ಟಿ ಕಣ್ಣಿಗೆ ಬರುತ್ತೆ, ಸುಮ್ನೆ ಬ್ರೆಡ್ ಅನ್ನಿ. ಸಂಜೆ ಕೊಡುತ್ತಿದ್ದ ಸುಮಾರು 300 ಗ್ರಾಂ ಬ್ರೆಡ್ಡಿನಲ್ಲೇ ಮಾರನೇ ಬೆಳಗ್ಗೆಗೂ ಉಳಿಸಿಕೊಳ್ಳಬೇಕಿತ್ತು. ಅದಕ್ಕೇ ಆ ಕೈ ಅಲ್ಲಿಗೆ ಹೋಗುತ್ತೆ. ಕದಿಯುವುದಕ್ಕೋ, ಅಪ್ಪ ತನ್ನ ಪಾಲನ್ನು ತಿಂದಿದ್ದಾನಾ ಅಂತ ನೋಡುವುದಕ್ಕೋ? ಹುಡುಗನಿಗೇ ಗೊತ್ತಿಲ್ಲ ಅನಿಸಿತು ನನಗೆ. ಮುಂದಿನ ಸಾಲಿನಲ್ಲಿ ನೀವು ‘ಮಾನವೀಯತೆ ಸತ್ತುಹೋಗಿತ್ತು’ ಅಂತ ತೀರ್ಪು ಕೊಟ್ಟು ಕೆಡಿಸಿಬಿಟ್ಟಿರಿ. ಅದನ್ನು ಹೊಡೆದುಹಾಕಿ. ಅಪ್ಪ ಆಗ ಎಚ್ಚರ ಇದ್ದನಾ, ಅದನ್ನು ಮಾತ್ರ ಯೋಚನೆ ಮಾಡಿ.

ಐದು ಪುಟ ಸಾಕು. ಅವಸರ ಇಲ್ಲ, ಮುಗಿದಾಗ ಕಳಿಸಿ.