ಪಗಡಿಯ ಜರಿ ಕಪ್ಪಾಗಿದೆ, ತೊಳೆಯಬಹುದೇ?

ಪ್ರಶ್ನೆ: ನಮ್ಮ ವಾಡೆಯಲ್ಲಿ ಮುತ್ತಜ್ಜನ ಕಾಲದ ಹೊಲಿದ ಪಗಡಿ ಇದೆ. ಜಾತ್ರೆಯಲ್ಲಿ ಪಲ್ಲಕ್ಕಿಯ ಮುಂದೆ ಹಿರಿಯರು ಅದನ್ನೇ ಧರಿಸುತ್ತಿದ್ದರು. ಕೆಂಪು ರೇಷ್ಮೆ, ಜರಿ ಅಂಚು, ಒಳಗೆ ಗಂಜಿ ಹಾಕಿ ಅಂಟಿಸಿದ ಕಾಗದದ ತಳ. ಜರಿ ಕಪ್ಪಾಗಿದೆ, ಹಣೆಗೆ ತಾಗುವ ಅಸ್ತರ ಹರಿದಿದೆ. ಅಂಟುವಾಳದಲ್ಲಿ ತೊಳೆದು ಗುಳೇದಗುಡ್ಡದ ಖಣದ ಹೊಸ ಅಸ್ತರ ಹಾಕಿಸಲೇ?
– ಓದುಗರೊಬ್ಬರು, ಬಾದಾಮಿ

ಉತ್ತರ: ಎರಡೂ ಬೇಡ. ನೀರು ತಾಗಿದರೆ ಗಂಜಿ ಮೆತ್ತಗಾಗಿ ತಳ ಕುಸಿಯುತ್ತದೆ. ಹೋದ ಆಕಾರ ತಿರುಗಿ ಬರುವುದಿಲ್ಲ. ಹಳೆಯ ಕೆಂಪು ಬಣ್ಣಗಳಲ್ಲಿ ಹಲವು ನೀರಿಗೆ ಬಿಡುತ್ತವೆ, ಜರಿಯ ಪಕ್ಕದ ಬಿಳಿ ಎಳೆಗಳೂ ಗುಲಾಬಿಯಾಗುತ್ತವೆ.

ಹಳೆಯ ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತೆಳು ಪಟ್ಟಿ, ಅದರ ಮೇಲೆ ಚಿನ್ನದ ಲೇಪ. ಗಾಳಿಯಲ್ಲಿನ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಹುಣಸೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಕಪ್ಪಿನ ಜೊತೆ ಚಿನ್ನವೂ ಹೋಗುತ್ತದೆ, ಎಳೆಯೊಳಗೆ ಉಳಿದ ಹುಳಿ ರೇಷ್ಮೆಯನ್ನು ತಿನ್ನುತ್ತದೆ. ಕಪ್ಪು ಹಾಗೇ ಇರಲಿ. ಹಸಿರು ಕಂಡರೆ ಅದು ಬೆಳ್ಳಿಯಲ್ಲಿ ಬೆರೆತ ತಾಮ್ರದ ಕಿಲುಬು. ಒಣ ಬ್ರಷ್‌ನಿಂದ ಮೆಲ್ಲಗೆ ಉದುರಿಸಿ, ಸಾಕು.

ಧೂಳಿಗೆ ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತಕ್ಕೆ ಇಟ್ಟು, ಕೊಳವೆಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿಕೊಳ್ಳಿ. ಇಲ್ಲವಾದರೆ ಬಿಚ್ಚಿದ ಜರಿ ಎಳೆಯೂ ಒಳಗೆ ಹೋದೀತು.

ಅಸ್ತರ ಬದಲಿಸುವುದಕ್ಕಿಂತ ಆಧಾರ ಕೊಡುವುದು ಮೇಲು. ಖಣ ಚೆಂದ ನಿಜ, ಆದರೆ ಅದು ಕುಪ್ಪಸಕ್ಕೆ; ಅದರ ಬಿಗಿಗೆ ಜೀರ್ಣವಾದ ಬಟ್ಟೆ ಹೊಲಿಗೆಗುಂಟ ಕತ್ತರಿಸಿದಂತೆ ಹರಿಯುತ್ತದೆ. ತೆಳು ಹತ್ತಿಯ ಮಲ್‌ಮಲ್ ಬಟ್ಟೆಯನ್ನು ಬಿಸಿನೀರಲ್ಲಿ ಎರಡು ಸಲ ತೊಳೆದು ಗಂಜಿ ತೆಗೆಯಿರಿ. ಗಂಜಿ ಉಳಿದರೆ ಬೆಳ್ಳಿಮೀನು ಹುಳ ಬಂತೆಂದೇ ಲೆಕ್ಕ. ಹರಿದ ಜಾಗಕ್ಕಿಂತ ಸುತ್ತಲೂ ಒಂದು ಇಂಚು ದೊಡ್ಡ ತುಂಡನ್ನು ಅಸ್ತರ ಮತ್ತು ತಳದ ನಡುವೆ ಸರಿಸಿ. ತಳ ಅಡ್ಡವಿರುವುದರಿಂದ ನೆಟ್ಟಗಿನ ಸೂಜಿ ನಡೆಯದು, ಬಾಗಿದ ಸೂಜಿ ಬೇಕು. ಒಂಟಿ ರೇಷ್ಮೆ ಎಳೆಗಳನ್ನು ಹರುಕಿನ ಅಡ್ಡಕ್ಕೆ 4–5 ಮಿ.ಮೀ. ಅಂತರದಲ್ಲಿ ಹಾಯಿಸಿ, ಸಣ್ಣ ಸಣ್ಣ ಹೊಲಿಗೆಯಿಂದ ಮಲ್‌ಮಲ್‌ಗೆ ಕೂಡಿಸಿ. ಸೂಜಿ ಗಟ್ಟಿ ಬಟ್ಟೆಯಲ್ಲೇ ಇಳಿಯಲಿ, ದಾರ ಜಗ್ಗಬೇಡಿ. ಫೆವಿಕಾಲ್ ಮಾತ್ರ ಬೇಡವೇ ಬೇಡ. ಒಣಗಿ ಬಿರುಸಾದ ಮೇಲೆ ಅದರ ಅಂಚಿನಲ್ಲೇ ರೇಷ್ಮೆ ಮುರಿಯುತ್ತದೆ.

ಪ್ರಶ್ನೆ: ತಲೆಗೆ ಸುತ್ತುವ ರೇಷ್ಮೆ ರುಮಾಲನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇವೆ. ಸಾಕೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ರಬ್ಬರ್‌ ಬ್ಯಾಂಡನ್ನು ಇವತ್ತೇ ತೆಗೆಯಿರಿ, ಅದರ ಗಂಧಕಕ್ಕೆ ಜರಿ ಬೇಗ ಕಪ್ಪಾಗುತ್ತದೆ. ಮಡಿಕೆಯಲ್ಲಿ ಎಳೆ ಮುರಿಯುವುದರಿಂದ ತೊಳೆದ ಮಲ್‌ಮಲ್ ಸುತ್ತಿದ ಕೊಳವೆಗೆ ಸಡಿಲವಾಗಿ ಸುತ್ತಿಡಿ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ.